ಕೆರೆಯಲ್ಲಿ ಕೋಲು ನೆಟ್ಟ ಚಲಪತಿ

ಫೋನ್ ಬಂದು ಮೂರು ಗಂಟೆಯಾಯಿತು...
ಕೂತಲ್ಲಿ ಕೂರಲಾಗುತ್ತಿಲ್ಲ.
ಚಲಪತಿ ಇಲ್ಲವಂತೆ.
ಮೊನ್ನೆ ತಾನೇ ಮಾತಾಡಿದ್ದ... ಸ್ವಲ್ಪ ಕೆಮ್ಮು ಅಂದಿದ್ದ, ಅಷ್ಟೆ.

ಆಗಲೇ ಎಲ್ಲರೂ ಅದೇ ಫೋಟೋ ಹಾಕುತ್ತಿದ್ದೀರಿ. ಅಂಟಾರ್ಕ್ಟಿಕಾ, ದಪ್ಪ ಕೋಟು, ಹಿಂದೆ ಪೆಂಗ್ವಿನ್...
ಎಂಬತ್ತರ ದಶಕದಲ್ಲಿ ಬೈರಕೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಹಿಮಖಂಡಕ್ಕೆ ಹೋದವನು. ಹೆಮ್ಮೆ ಪಡಿ.
ಆದರೆ "ಕೆರೆ ಕೆಲಸ ಅರ್ಧಕ್ಕೆ ಬಿಟ್ಟ ಮನುಷ್ಯ" ಎಂದು ಒಬ್ಬರು ಕಾಮೆಂಟ್ ಮಾಡಿದ್ದಾರೆ. ಅದಕ್ಕೆ ಲೈಕುಗಳು ಬೇರೆ.
ಅಂದಿನಿಂದಲೂ ಇದೇ ಮಾತು. ಸಾಕು.

ವಾಪಸ್ ಬಂದಾಗ ಮುಳಬಾಗಿಲಿನಲ್ಲಿ ಸನ್ಮಾನ... ಪೇಟ, ಶಾಲು.
ಮೈಕಿನಲ್ಲಿ ಅವನು ಹೇಳಿದ್ದು ಇಷ್ಟೇ: "ಕೆರೆ ಮೇಲಿನ ಬಯಲಿಗೆ ನೀಲಗಿರಿ ಹಾಕ್ಬೇಡಿ. ಆಮೇಲೆ ಕೆರೆಗೆ ನೀರು ಬರಲ್ಲ."
ಮುಂದೆ ಕೂತಿದ್ದ ಹಿರಿಯರೊಬ್ಬರು, "ಅದಿರ್ಲಪ್ಪಾ, ಅಲ್ಲಿ ಸ್ನಾನ ಹೆಂಗ್ ಮಾಡ್ತಿದ್ದೆ?"
ಸಭೆಯೆಲ್ಲ ನಗು.

ಅರಣ್ಯ ಇಲಾಖೆಯ ಅಧಿಕಾರಿ ಪುರಾವೆ ಕೇಳಿದರು. ಮುಂದಿನ ಮುಂಗಾರಿನೊಳಗೆ ಒಂದು ವರ್ಷದ ನೀರಿನ ದಾಖಲೆ ಕೊಡಬೇಕು, ಇಲ್ಲದಿದ್ದರೆ ಸಸಿ ನೆಡುತ್ತೇವೆ ಎಂದರು.
ಅಂಟಾರ್ಕ್ಟಿಕಾದಲ್ಲಿ ಬಿದಿರು ಕೋಲು ನೆಟ್ಟು ಹಿಮ ಅಳೆಯುತ್ತಿದ್ದನಂತೆ. ಇಲ್ಲೂ ಹಾಗೇ ಮಾಡಿದ. ನಮ್ಮ ಕೆರೆಯಲ್ಲಿ, ಆಗಲೇ ನೀಲಗಿರಿ ಹಾಕಿದ್ದ ಪಕ್ಕದೂರಿನ ಕೆರೆಯಲ್ಲಿ, ಕೆಂಪು ಪಟ್ಟಿ ಬಳಿದ ಕೋಲುಗಳು. ವಾರ ವಾರ ನೋಟ್‌ಬುಕ್ಕಿಗೆ ಬರೆದ.

ಚಲಪತಿ... ಆ ಸಂಕ್ರಾಂತಿ.
ನಾನಾಗ ಶ್ರೀನಿವಾಸಪುರದಲ್ಲಿ ಮೇಷ್ಟ್ರು. ಹಬ್ಬಕ್ಕೆ ಊರಿಗೆ ಬಂದಿದ್ದೆ. ನೀನು ಬೆಂಗಳೂರಿಗೆ ಹೋಗಿದ್ದೆ.
ಬೆಳಿಗ್ಗೆ ಬೇಗ ಎತ್ತುಗಳ ಮೈ ತೊಳೆಯಲು ಒಬ್ಬನೇ ಕೆರೆಗೆ ಹೋದೆ. ಕೆಂಪು ಪಟ್ಟಿಯ ಕೋಲುಗಳು ಕಂಡವು.
ಅವು ನಿನ್ನವೆಂದು ನನಗೆ ಗೊತ್ತಿರಲಿಲ್ಲ; ನೀಲಗಿರಿಗೆ ಬಯಲು ಅಳೆದ ಸರ್ವೆಯವರು ಕೆರೆಗೂ ಕೈ ಹಾಕಿದರು ಅನ್ನಿಸಿತು. ಯಾರನ್ನೂ ಕೇಳಲಿಲ್ಲ. ಅಷ್ಟು ಸಿಟ್ಟು.
ನೀರಿಗಿಳಿದು ಒಂದೊಂದಾಗಿ ಎಲ್ಲವನ್ನೂ ಕಿತ್ತೆ.

ಮರುದಿನ ನೀನು ಬಂದಾಗ ನಾನೇ ಹೇಳಿದೆ.
ಕಟ್ಟೆಯ ಮೇಲೆ ಕೂತು ನೀರು ನೋಡುತ್ತ ಹೇಳಿದೆ ನೀನು. "ಅಲ್ಲಿ ಹಿಮಗಾಳೀನೂ ಒಂದು ಕೋಲು ಕೀಳ್ಲಿಲ್ಲ ಕಣೋ ಮೇಷ್ಟ್ರೇ..."
ಅಷ್ಟೇ ನಿನ್ನ ಬೈಗುಳ.
ಮತ್ತೆ ನೆಟ್ಟರೆ ಹಳೆಯ ಅಳತೆಗೆ ಕೂಡುತ್ತಿರಲಿಲ್ಲ. ಅಧಿಕಾರಿಗೂ ಊರಿಗೂ ನೀನು ಹೇಳಿದ್ದು, "ಹಬ್ಬದ ದಿನ ದನ ತುಳಿದವು."
ಊರವರ ಮಾತು ಕೇಳಬೇಕಿತ್ತು. "ಹಬ್ಬಕ್ಕೆ ದನ ಕೆರೆಗೆ ಬರೋದೂ ಗೊತ್ತಿಲ್ವಂತೆ ಕಣ್ಲಾ, ಪೆಂಗ್ವಿನ್ ಮೇಯಿಸ್ಕೊಂಡಿದ್ದವ್ನಿಗೆ."
ಮಳೆ ಬಿತ್ತು. ಸಸಿ ನೆಟ್ಟರು. ಕೆರೆ ವರ್ಷ ವರ್ಷ ಇಳಿಯಿತು.

ಆವನಿ, ಮಾಲೂರು, ವೇಮಗಲ್... ನೀಲಗಿರಿ ಬೇಡ ಎಂದು ಹೇಳಲು ನೀನು ಹೋದಲ್ಲೆಲ್ಲ ಒಂದೇ ಪ್ರಶ್ನೆ, ದಾಖಲೆ ಎಲ್ಲಿ?
ಪಕ್ಕದಲ್ಲೇ ಕೂತಿರುತ್ತಿದ್ದೆ ನಾನು. ಪೇಪರಿಗೆ ಎಷ್ಟು ಪತ್ರ ಬರೆದೆ... ಇಲಾಖೆಯ ಮೇಲೆ, ಊರಿನ ಮೇಲೆ. ಇದೊಂದನ್ನು ಬಿಟ್ಟು ಎಲ್ಲ ಬರೆದೆ.

ಗೆಳೆಯರೇ, ದನ ತುಳಿಯಲಿಲ್ಲ.
ಅವನು ಅರ್ಧಕ್ಕೆ ಬಿಡಲೂ ಇಲ್ಲ.
ಕಿತ್ತವನು ನಾನು. ದಯವಿಟ್ಟು ಶೇರ್ ಮಾಡಿ.

ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ, ಚಲಪತಿ...
ನನಗಾಗಿ ಅದನ್ನು ಕೇಳಿಕೊಳ್ಳುವ ಮುಖವಿಲ್ಲ.