ಎಡಗೆನ್ನೆ ಅಂಗಡಿಯದು, ಬಲಗೆನ್ನೆ ತನ್ನದು

ಬೀದಿದೀಪ ಇನ್ನೂ ಆರಿಲ್ಲ. ಆಸ್ಪತ್ರೆಯ ಎದುರಿನ ಸಾಲಿನಲ್ಲಿ ಔಷಧಿ ಅಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಈ ಬ್ಯೂಟಿ ಪಾರ್ಲರ್ ಒಂದೇ. ಅರ್ಧ ಎತ್ತಿದ ಶಟರಿನ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದರೆ, ಹಿಂದಕ್ಕೆ ಒರಗಿಸಿದ ಕುರ್ಚಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ ಮಲಗಿದ್ದಾರೆ. ಅವರ ತಲೆಯ ಬಳಿ, ಕುಂಟುವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತ ಹೆಂಗಸು ವಿಟಮಿನ್ ಇ ಗುಳಿಗೆಯೊಂದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾರೆ. ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ತುದಿಗೆ ಚುಚ್ಚುತ್ತಾರೆ. ಒಳಗಿನ ಎಣ್ಣೆ ಹೊರಗೆ ಬರಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಮನಸ್ಸು ಮಾಡಿ, ಒಂದು ಹನಿಯಾಗಿ ಇಳಿಯುತ್ತದೆ. ಅದನ್ನು ಅಂಗೈಯಲ್ಲಿದ್ದ ತೆಳು ಕ್ರೀಮಿಗೆ ಬೆರೆಸುತ್ತಾರೆ.

ನರ್ಸಮ್ಮ ಒಂದು ಕಣ್ಣು ತೆರೆಯುತ್ತಾರೆ. "ಇಷ್ಟೇನಾ? ಪೂರ್ತಿ ಹಿಂಡೇ. ಯಾರಪ್ಪನ ಮನೆ ಗಂಟು ಹೋಗುತ್ತೆ?"

"ಸುಮ್ನೆ ಮಲಗಿ ನರ್ಸಮ್ಮ. ನಿಮ್ಮ ಮುಖ ಏನು ಹೆದ್ದಾರಿನಾ, ಟಾರು ಸುರಿಯೋಕೆ? ಜಾಸ್ತಿ ಹಾಕಿದ್ರೆ ಗುಳ್ಳೆ ಏಳುತ್ತೆ. ಆಮೇಲೆ ನನ್ನನ್ನೇ ಬೈತೀರಿ."

"ಬೇರೆಯವರಿಗೆ ರಾತ್ರಿ ಹಚ್ಕೊಳ್ಳಿ ಅಂತೀಯ, ನನಗೆ ಮಾತ್ರ ಬೆಳಗ್ಗೇನೇ ಮೆತ್ತುತೀಯ."

"ನಿಮಗೆ ಈಗ ತಾನೇ ರಾತ್ರಿ! ಮನೆಗೆ ಹೋಗಿ ಪರದೆ ಎಳೆದು ಮಲಗ್ತೀರಲ್ಲ. ಹಗಲಲ್ಲಿ ಓಡಾಡೋರು ಇದನ್ನ ಹಚ್ಕೊಂಡು ಬೀದಿಗೆ ಇಳಿದ್ರೆ, ಊರ ಧೂಳೆಲ್ಲ ಮುಖದ ಮೇಲೇ ಸಂಸಾರ ಹೂಡುತ್ತೆ."

ಅಷ್ಟರಲ್ಲಿ ನರ್ಸಮ್ಮನ ಗೊರಕೆ ಶುರುವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮುಖದ ಮೇಲೆ, ತೇವ ಆರುವ ಮುಂಚೆ, ಎರಡು ಕೈಗಳು ಗಲ್ಲದಿಂದ ಕಿವಿಯ ಕಡೆಗೆ ಸರಿಯುತ್ತವೆ. ಇಡೀ ವಾರ್ಡು ಕೂಗಿ ಕರೆದ ಹೆಸರು, ಯಾರದೋ ವಾಂತಿ, ಯಾವನೋ ಡಾಕ್ಟರ ಗದರಿಕೆ, ಎಲ್ಲ ಆ ಹಣೆಯಿಂದ ಒಂದೊಂದಾಗಿ ಇಳಿದು ಹೋಗುವುದನ್ನು ನಿಂತು ನೋಡಬಹುದು.

ಕೆಲಸ ಮುಗಿದ ಮೇಲೆ ಗುಳಿಗೆಯ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಚುಚ್ಚಿದ ಗುಳಿಗೆಯನ್ನು ಮುಚ್ಚಿಡಲಾಗದು, ಎಸೆಯಲು ಮನಸ್ಸಾಗದು. ಆಕೆ ಅದನ್ನು ಒತ್ತಿ ಹಿಂಡಿ, ಬೆರಳ ತುದಿಯಲ್ಲಿ ತೆಗೆದು, ತಮ್ಮ ಎಡಗೆನ್ನೆಗೆ ಅರ್ಧ, ಬಲಗೆನ್ನೆಗೆ ಅರ್ಧ ಸವರಿಕೊಳ್ಳುತ್ತಾರೆ. ಈ ಬಲಗೆನ್ನೆಯ ಅರ್ಧಕ್ಕಾಗಿ ಈ ಅಂಗಡಿಯಲ್ಲಿ ಒಂದು ಯುದ್ಧವೇ ನಡೆದಿದೆ.

ಯಾರು ಎಷ್ಟು ಗೋಗರೆದರೂ "ಒಂದೇ ಹನಿ" ಎನ್ನುವ ಈಕೆಗೆ ನರ್ಸುಗಳು ಇಟ್ಟ ಹೆಸರು ಹನಿಯಕ್ಕ. ಇದೇ ಅಂಗಡಿಗೆ ಕೂದಲು ಗುಡಿಸಲು ಬಂದವರು. ಗುಡಿಸುತ್ತಾ ಗುಡಿಸುತ್ತಾ ಕನ್ನಡಿಯಲ್ಲಿ ಕೆಲಸ ಕದ್ದು ಕಲಿತರು. ಮನೆಯಲ್ಲಿ ಬಿಸ್ಕತ್ತು ಕಾರ್ಖಾನೆಯಿಂದ ನಿವೃತ್ತರಾದ ಅತ್ತೆ ಇದ್ದಾರೆ. ಸರಕು ಗಾಡಿ ಓಡಿಸುವ ಗಂಡ ಇದ್ದಾರೆ, ಇದ್ದಾರೆ ಎನ್ನುವುದು ಹೆಚ್ಚಾಗಿ ಫೋನಿನಲ್ಲಿ.

ಈ ಕೆಲಸ ಮೈಯಿಂದ ಏನೇನು ಕಿತ್ತುಕೊಳ್ಳುತ್ತದೆ ಎಂಬುದನ್ನು ಯಾವ ಸೌಂದರ್ಯ ಪುರವಣಿಯೂ ಬರೆಯುವುದಿಲ್ಲ. ಮೊದಲು ಕಾಲು. ಬೆಳಗಿನಿಂದ ಸಂಜೆಯವರೆಗೆ ನಿಂತು ನಿಂತು ಹನಿಯಕ್ಕನ ಮೀನಖಂಡದ ನರಗಳು ಹಗ್ಗದಂತೆ ಗಂಟು ಕಟ್ಟಿವೆ. ಆಮೇಲೆ ಬೆರಳು. ಎಣ್ಣೆ, ಕ್ರೀಮು, ಬಿಸಿನೀರು, ಮತ್ತೆ ಎಣ್ಣೆ. ಹೆಬ್ಬೆರಳಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಮಾಲಕಿ ಮೇಡಮ್ ಗೋಡೆಗೆ ತಂದು ಹಾಕಿಸಿದ ಹಾಜರಿ ಯಂತ್ರಕ್ಕೆ ಈ ಹೆಬ್ಬೆರಳ ಗುರುತೇ ಸಿಗುವುದಿಲ್ಲ. ದಿನಾ ಮೊದಲು ಬಂದು ಶಟರ್ ಎತ್ತುವ ಹೆಂಗಸು ಯಂತ್ರದ ಪ್ರಕಾರ ದಿನಾ ಗೈರುಹಾಜರು.

"ಒತ್ತಿದಾಗೆಲ್ಲ 'ಮತ್ತೆ ಪ್ರಯತ್ನಿಸಿ' ಅನ್ನುತ್ತೆ," ಎನ್ನುತ್ತಾರೆ ಹನಿಯಕ್ಕ. "ಇನ್ನೂ ಏನು ಪ್ರಯತ್ನ ಮಾಡ್ಲಿ? ಆ ಯಂತ್ರಕ್ಕೂ ಒಂದು ಫೇಶಿಯಲ್ ಮಾಡಿಬಿಡೋಣ ಅನ್ಸುತ್ತೆ."

ಇನ್ನು ಕೆನ್ನೆಯ ಮಾತು. ಹೊಸ ಕ್ರೀಮು, ಹೊಸ ಎಣ್ಣೆ ಏನೇ ಬಂದರೂ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ, ಒಂದು ದಿನ ಕಾದು, ತುರಿಕೆ ಇಲ್ಲವೆಂದಾದರೆ ಮಾತ್ರ ಮುಖಕ್ಕೆ ಬಳಸಬೇಕು. ಮೇಡಮ್‌ಗೆ ಅಷ್ಟು ಪುರುಸೊತ್ತೆಲ್ಲಿ? "ಕೈ ತೋರಿಸಿದ್ರೆ ಗಿರಾಕಿ ನಂಬಲ್ಲ, ಮುಖ ತೋರಿಸು," ಎಂಬುದು ಅವರ ಆಜ್ಞೆ. ಹನಿಯಕ್ಕ ನಿಲ್ಲುವ ಜಾಗದಿಂದ ಗಿರಾಕಿಗೆ ಕಾಣುವುದು ಎಡಗೆನ್ನೆ. ಹಾಗಾಗಿ ವರ್ಷಗಟ್ಟಲೆ ಎಲ್ಲ ಪ್ರಯೋಗವೂ ಎಡಗೆನ್ನೆಯ ಮೇಲೆ. ಕೆಂಪಾದದ್ದು, ಊದಿಕೊಂಡದ್ದು, ಒಮ್ಮೆ ಬಾಳೆಕಾಯಿಯ ಹಾಗೆ ಸಿಪ್ಪೆ ಎದ್ದದ್ದು, ಎಲ್ಲ ಅದೇ. ಅದಕ್ಕೆ ಪರಿಹಾರವೆಂದು ಗುಳಿಗೆಯ ತಳದ ಎಣ್ಣೆಯನ್ನೂ ಅದಕ್ಕೇ ಸವರುತ್ತಿದ್ದರು. ಎರಡಕ್ಕೆ ಸಾಲುತ್ತಿರಲಿಲ್ಲ.

ಬಲಗೆನ್ನೆಗೆ ಸಿಕ್ಕಿದ್ದು ಪಕ್ಕದಲ್ಲೇ ಬುಸುಗುಟ್ಟುವ ಹಬೆಯ ಯಂತ್ರ ಮತ್ತು ಕಿಟಕಿಯ ಬಿಸಿಲು. ಕೊನೆಗೆ ಒಂದೇ ಮುಖದಲ್ಲಿ ಎರಡು ಸಂಸಾರವಾಯಿತು. ಎಡಗಡೆ ಮೆತ್ತಗೆ, ಹೊಳಪಾಗಿ. ಬಲಗಡೆ ಒಣಗಿ, ಕಂದುಗಟ್ಟಿ. ಅತ್ತೆಯ ಮಾತಿನಲ್ಲಿ ಹೇಳುವುದಾದರೆ, "ಆ ಕಡೆಯಿಂದ ನೋಡಿದ್ರೆ ಸೊಸೆ, ಈ ಕಡೆಯಿಂದ ನೋಡಿದ್ರೆ ನನ್ನ ವಾರಗಿತ್ತಿ."

ಇದು ಮೇಡಮ್ ಕಣ್ಣಿಗೆ ಬಿದ್ದದ್ದು ಈಚೆಗೆ. ಅಂಗಡಿಗೆ ಹೊಸ ಬೋರ್ಡ್ ಮಾಡಿಸಬೇಕಿತ್ತು. ಹನಿಯಕ್ಕನ ಗಲ್ಲ ಹಿಡಿದು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಸಂತೆಯಲ್ಲಿ ಕುಂಬಳಕಾಯಿ ನೋಡುವವರಂತೆ ನೋಡಿದರು. ಅವರ ಕಣ್ಣು ಅರಳಿತು.

"ಒಂದು ಮುಖ, ಎರಡು ಕೆಲಸ! ಬಲಗಡೆ 'ಮೊದಲು', ಎಡಗಡೆ 'ಆಮೇಲೆ'. ಶನಿವಾರ ಫೋಟೋದವನನ್ನ ಕರೆಸ್ತೀನಿ."

"ನನ್ನ ಮುಖಾನಾ ಮೇಡಮ್?"

"ಹೂಂ. ಆದ್ರೆ ನೋಡು, ಬೋರ್ಡ್ ಇರೋವರೆಗೂ ಬಲಗಡೆಗೆ ಏನೂ ಹಚ್ಚಕೂಡದು. ಗಿರಾಕಿಗಳು ಬೋರ್ಡ್ ನೋಡಿ ಒಳಗೆ ಬಂದು ನಿನ್ನನ್ನ ನೋಡ್ತಾರೆ. ಹೊಂದಬೇಕು."

ಓದುಗರೇ, ಇದನ್ನು ಇನ್ನೊಮ್ಮೆ ಓದಿ. ಎಡಗೆನ್ನೆಯನ್ನು ಆಗಲೇ ಪ್ರಯೋಗಶಾಲೆ ಮಾಡಿಕೊಂಡವರು, ಉಳಿದಿದ್ದ ಇನ್ನೊಂದನ್ನು ಹಾಳಾಗಿಯೇ ಇಡಬೇಕೆಂದು ಕಟ್ಟಪ್ಪಣೆ ಮಾಡುತ್ತಿದ್ದಾರೆ. ಗಣಿಗೆ ನೆಲ ಕೇಳುವವರಾದರೂ ಒಂದು ನೋಟಿಸು ಕೊಡುತ್ತಾರೆ.

ಆದರೆ ಮೇಡಮ್ ಬರಿಗೈಯಲ್ಲಿ ಕೇಳಲಿಲ್ಲ. ಬದಲಿಗೆ ಒಂದು ಸ್ಟೂಲು ಕೊಡುತ್ತೇನೆಂದರು. ಚಕ್ರ ಇರುವ, ಗಿರ್ರನೆ ತಿರುಗುವ, ಮೆತ್ತನೆಯ ಸ್ಟೂಲು. ಸ್ಟೂಲಿಟ್ಟರೆ ಕೆಲಸದವರು ಸೋಮಾರಿಗಳಾಗುತ್ತಾರೆಂದು ಅಷ್ಟು ವರ್ಷ ಕೊಡದಿದ್ದದ್ದು ಅದು. ಹನಿಯಕ್ಕನ ಕಾಲು ಬಾಯಿಗಿಂತ ಮೊದಲು ಒಪ್ಪಿಕೊಂಡಿತು.

"ಮನೇಲಿ ಪೂರ್ತಿ ಹೇಳ್ಲಿಲ್ಲ," ಎಂದು ನಗುತ್ತಾರೆ. "ಬೋರ್ಡ್ ಮೇಲೆ ನನ್ನ ಫೋಟೋ ಬರುತ್ತೆ ಅಂದೆ ಅಷ್ಟೆ. ಕೆನ್ನೆ ಅಡ ಇಟ್ಟಿದೀನಿ ಅಂದಿದ್ರೆ ನಮ್ಮತ್ತೆ ಅಂಗಡಿಗೇ ನುಗ್ಗಿ ಮೇಡಮ್ ಜುಟ್ಟು ಹಿಡೀತಿದ್ರು."

ಶನಿವಾರ ಬೆಳಗ್ಗೆ ನೀರು ಕಾಯಲೆಂದು ಒಲೆಯ ಮೇಲಿಟ್ಟು, ಅಡುಗೆಮನೆಯ ಗೋಡೆಗೆ ಒರಗಿ ಕುಳಿತ ಹನಿಯಕ್ಕನಿಗೆ ಜೋಂಪು ಹತ್ತಿತು. ಎಚ್ಚರವಾದದ್ದು ಬಲಗೆನ್ನೆಯ ಮೇಲೆ ಏನೋ ಒರಟಾಗಿ ಓಡಾಡಿದಾಗ. ಅತ್ತೆ. ಬಿಸ್ಕತ್ತಿನ ಡಬ್ಬ ಕಟ್ಟಿ ಕಟ್ಟಿ ಮರಳುಕಾಗದದಂತಾದ ಅವರ ಅಂಗೈ. ಸೊಸೆಯ ಚೀಲದಿಂದ ಗುಳಿಗೆ ತೆಗೆದು, ಹಲ್ಲಿನಲ್ಲಿ ಕಚ್ಚಿ, ಪೂರ್ತಿ ಹಿಂಡಿ ತಿಕ್ಕುತ್ತಿದ್ದಾರೆ. ಜೊತೆಗೆ ಗೊಣಗಾಟ: "ಎಲ್ಲರ ಮುಖಾನೂ ಉಜ್ತಾಳೆ, ತನ್ನದು ಅರ್ಧ ಒಣಗಿಸ್ಕೊಂಡು ಕೂತಿದಾಳೆ ಪೆದ್ದಿ. ಫೋಟೋದಲ್ಲಿ ಈ ಕಡೆ ಚೆನ್ನಾಗಿ ಕಾಣೋದು ಬೇಡ್ವಾ?"

ಒಂದು ಮಾತು ಹೇಳಿದ್ದರೆ ಸಾಕಿತ್ತು, ಸ್ಟೂಲು ಉಳಿಯುತ್ತಿತ್ತು. ಹನಿಯಕ್ಕ ಹೇಳಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ.

"ಅಷ್ಟು ವರ್ಷದಲ್ಲಿ ನನ್ನ ಮುಖಾನ ಯಾರೂ ಮುಟ್ಟಿರಲಿಲ್ಲ," ಎನ್ನುತ್ತಾರೆ. ಆಮೇಲೆ, ಹೇಳಬಾರದ್ದು ಹೇಳಿದವರಂತೆ ಟವೆಲು ಕೊಡವುತ್ತಾರೆ. "ಉಜ್ಜೋದು ಮಾತ್ರ ತೀರಾ ತಪ್ಪು. ಪಾತ್ರೆ ತಿಕ್ಕಿದ ಹಾಗೆ. ಆದ್ರೂ ನಿದ್ದೆ ಬಂದ ಹಾಗೆ ನಟಿಸ್ದೆ."

ಹಾಗೆ ಎದ್ದವರು ಹೊತ್ತಾಯಿತೆಂದು ಅದೇ ಮುಖದಲ್ಲಿ ಆಟೋ ಹತ್ತಿದರು. ಗಿರಾಕಿಗಳಿಗೆ ದಿನಾ ಹೇಳುವ ಬುದ್ಧಿಮಾತು ತಮಗೇ ನೆನಪಾಗಲಿಲ್ಲ. ಅಗೆದು ಹಾಕಿದ ರಸ್ತೆಯ ಧೂಳು ಸಿಕ್ಕಿದ್ದೇ ಅವಕಾಶವೆಂದು ಬಂದು ಬಲಗೆನ್ನೆಗೆ ಅಂಟಿತು.

ಅಂಗಡಿಯಲ್ಲಿ ಆ ಮುಖ ಕಂಡ ಮೇಡಮ್ ಚಪ್ಪಾಳೆಯನ್ನೇ ತಟ್ಟಿಬಿಟ್ಟರು. "ಅಬ್ಬಾ! ಬಲಗಡೆ ಎಷ್ಟು ದರಿದ್ರವಾಗಿದೆ! ಇದಪ್ಪಾ 'ಮೊದಲು' ಅಂದ್ರೆ! ಬೇಗ ತೆಗೀರಿ, ಬೇಗ!"

ಫೋಟೋದವನು ದೀಪ ಹಚ್ಚಿದ. ಸ್ಟೂಲು ಕನ್ನಡಿಯ ಪಕ್ಕದಲ್ಲೇ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ, ಹೊಳೆಯುತ್ತಾ ನಿಂತಿತ್ತು. ಹನಿಯಕ್ಕ ಸ್ಟೂಲು ನೋಡಿದರು. ಕನ್ನಡಿ ನೋಡಿದರು. ಬಿಸಿನೀರಿನ ಟವೆಲು ತೆಗೆದು ಬಲಗೆನ್ನೆಯನ್ನು ಒರೆಸಿಕೊಂಡೇಬಿಟ್ಟರು.

"ಏಯ್, ಏನು ಮಾಡ್ತಿದೀಯ!"

"ಇದು 'ಮೊದಲು' ಅಲ್ಲ ಮೇಡಮ್. ಇದು ನಮ್ಮತ್ತೆ ಹಚ್ಚಿದ್ದು."

ಒಂದೇ ಸಲದ ಎಣ್ಣೆಗೆ ಚರ್ಮ ಬದಲಾಗುತ್ತದೆಂದರೆ ಅದು ಜಾಹೀರಾತಿನವರ ಬೊಗಳೆ. ಆದರೆ ಒಂದು ಇಡೀ ಗುಳಿಗೆ, ಮೇಲಿಂದ ಅತ್ತೆಯ ತಿಕ್ಕಾಟ; ಫೋಟೋದವನ ದೀಪಕ್ಕೆ ಎರಡೂ ಕೆನ್ನೆ ತಾಮ್ರದ ಬಿಂದಿಗೆಯಂತೆ ಮಿರಮಿರ ಮಿಂಚಿದವು. ಅವನು ಕ್ಯಾಮೆರಾ ಇಳಿಸಿದ. "ಎರಡೂ 'ಆಮೇಲೆ'ನೇ ಇದೆ ಮೇಡಮ್. 'ಮೊದಲು'ಗೆ ಯಾರಿದ್ದಾರೆ?"

ಅಂಗಡಿಯಲ್ಲಿದ್ದವರೆಲ್ಲ, ಕುರ್ಚಿಯಲ್ಲಿದ್ದ ನರ್ಸಮ್ಮನೂ ಸೇರಿ, ಒಟ್ಟಿಗೆ ಮೇಡಮ್ ಕಡೆ ತಿರುಗಿದರು. ಮೇಡಮ್ ಕೈಚೀಲದಿಂದ ಮುಖ ಮುಚ್ಚಿಕೊಂಡರು.

ಬಂದದ್ದಕ್ಕೆ ಏನಾದರೂ ತೆಗೆಯಬೇಕಲ್ಲ ಎಂದು ಫೋಟೋದವನು ಹನಿಯಕ್ಕನ ಕೈಯ ಫೋಟೋ ತೆಗೆದ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಗುಳಿಗೆ, ಅದರ ತುದಿಯಲ್ಲಿ ಬೀಳಲಿರುವ ಒಂದು ಹನಿ. ಬೋರ್ಡಿಗೆ ಹೋದದ್ದು ಅದೇ.

ಚಕ್ರದ ಸ್ಟೂಲು ಅದೇ ಸಂಜೆ ವಾಪಸ್ಸು ಹೋಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರಾತ್ರಿ ಪಾಳಿಯ ಹೆಂಗಸರಿಗೆ ನಿಲ್ಲುವುದು ಎಂದರೇನೆಂದು ಗೊತ್ತು. ಸೋಮವಾರ ಬೆಳಗ್ಗೆ ಬಂದ ನರ್ಸಮ್ಮ ಕುರ್ಚಿಯ ಪಕ್ಕ ನಿಂತೇ ಇದ್ದರು. ಹಿಂದೆ ಬಂದವರೂ ನಿಂತರು. ಮಲಗಿ ಎಂದರೆ ಯಾರೂ ಮಲಗಲೊಲ್ಲರು.

"ಇವಳು ಕೂತ ಮೇಲೆ ನಾವು ಮಲಗ್ತೀವಿ," ಎಂದರು ನರ್ಸಮ್ಮ. "ನಮಗೇನು ಮೇಡಮ್, ರಾತ್ರಿಯೆಲ್ಲ ನಿಂತು ಅಭ್ಯಾಸ ಇದೆ. ನಿಮಗೆ ಅಭ್ಯಾಸ ಇದೆಯಾ ನೋಡೋಣ."

ಘೋಷಣೆಯಿಲ್ಲ, ಬಾವುಟವಿಲ್ಲ. ಒಂದು ಪಾರ್ಲರಿನ ತುಂಬ ಆಕಳಿಸುತ್ತಾ ನಿಂತ ಹೆಂಗಸರು. ನಾನು ಕೇಳಿದ ಮುಷ್ಕರಗಳಲ್ಲಿ ಇಷ್ಟು ನಿದ್ದೆಗಣ್ಣಿನದು ಇನ್ನೊಂದಿಲ್ಲ, ಇಷ್ಟು ಬೇಗ ಗೆದ್ದದ್ದೂ ಇಲ್ಲ. ಮೇಡಮ್ ಹಲ್ಲು ಕಚ್ಚಿಕೊಂಡು ಹಿತ್ತಲಿನ ನೀರಿನ ಕ್ಯಾನಿನ ಅಡಿಯಿಂದ ಪ್ಲಾಸ್ಟಿಕ್ ಸ್ಟೂಲು ಎಳೆದು ತಂದರು. ಅದರ ಒಂದು ಕಾಲು ಗಿಡ್ಡ. ಈಗ ಅದರ ಕೆಳಗೆ 'ಚಿನ್ನದ ಫೇಶಿಯಲ್' ಎಂದು ಬರೆದ ಕ್ರೀಮಿನ ಡಬ್ಬದ ಮುಚ್ಚಳವಿದೆ. ಆ ಚಿನ್ನದಿಂದ ಈ ಅಂಗಡಿಯಲ್ಲಿ ಯಾರಿಗಾದರೂ ಉಪಕಾರವಾಗಿದ್ದರೆ ಆ ಸ್ಟೂಲಿಗೆ ಮಾತ್ರ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಹನಿಯಕ್ಕ ನಾಚಿಕೊಳ್ಳುತ್ತಾರೆ. "ಚಕ್ರ ಇದ್ದಿದ್ರೆ ಚೆನ್ನಾಗಿತ್ತು. ಒಂದ್ಸಲ ಗಿರ್ರಂತ ತಿರುಗಬೇಕು ಅಂತ ಆಸೆ ಇತ್ತು."

ಅಷ್ಟರಲ್ಲಿ ಬೆಳಕು ಹರಿದಿದೆ. ಮೇಡಮ್ ಬರುವ ಹೊತ್ತು. ಹನಿಯಕ್ಕ ಕೈ ಒರೆಸಿಕೊಂಡು ಹೋಗಿ ಯಂತ್ರಕ್ಕೆ ಹೆಬ್ಬೆರಳು ಒತ್ತುತ್ತಾರೆ. ಕೆಂಪು ದೀಪ. ಮತ್ತೆ ಪ್ರಯತ್ನಿಸಿ. ಇನ್ನೊಮ್ಮೆ ಒತ್ತುತ್ತಾರೆ. ಮತ್ತೆ ಪ್ರಯತ್ನಿಸಿ. ಮೂರನೆಯ ಸಲ ಒತ್ತುವುದಿಲ್ಲ. ಶಟರನ್ನು ಪೂರ್ತಿ ಮೇಲೆತ್ತಿ, ಬಾಗಿಲ ಮೇಲಿನ ಬೋರ್ಡಿನ ಕಡೆ, ಆಳೆತ್ತರದ ಆ ಹೆಬ್ಬೆರಳಿನ ಕಡೆ ಕೈ ತೋರಿಸುತ್ತಾ ಯಂತ್ರಕ್ಕೆ ಹೇಳುತ್ತಾರೆ:

"ಗುರುತು ಸಿಗ್ಲಿಲ್ವಾ? ಹೊರಗೆ ಬಂದು ನೋಡ್ಕೋ."