ಭಾನುವಾರದ ಬಂಡೂರು ಬಸ್ಸು

ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಬಟ್ಟೆ ಹೊಲಿಯುತ್ತಿದ್ದರು. ಅವರು ಚರ್ಚಿನಲ್ಲಿ ಮದುವೆಯಾದರೆಂದು ಬಂಡೂರಿನಲ್ಲಿದ್ದ ಅವರ ಅಣ್ಣ ಮಾತು ಬಿಟ್ಟಿದ್ದರು. ಅಕ್ಕ ಮಾತ್ರ ಪ್ರತಿ ಭಾನುವಾರ ಆರಾಧನೆ ಮುಗಿಸಿ, ತಲೆಯ ಮೇಲಿನ ಸೆರಗನ್ನೂ ತೆಗೆಯದೆ ಬಂಡೂರಿನ ಬಸ್ಸು ಹತ್ತುತ್ತಿದ್ದರು.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಕ್ಕ ಜಗಲಿಯ ಕೆಳಗೆ ನಿಂತು, "ಅಣ್ಣ, ಚೆನ್ನಾಗಿದ್ದೀಯಾ?" ಎಂದರು. ಜಗಲಿಯ ಮೇಲೆ ಕೂತಿದ್ದ ಅಣ್ಣ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಬೇಜಾರಾಗಲ್ವಾ ಅಕ್ಕ?" ಎಂದು ವಾಪಸ್ಸು ಬರುವಾಗ ಕೇಳಿದೆ.

"ಆಯ್ತದೆ ಕಣವ್ವ. ಒಂದೊಂದ್ ವಾರ ಸಿಟ್ಟೂ ಬತ್ತದೆ. ಅದ್ಕೇ ಮೊದ್ಲು ದೇವ್ರ ಮುಂದೆ ಮಂಡಿಯೂರಿ, ಆಮೇಲೆ ಬಸ್ ಅತ್ತೋದು."

ಕಳೆದ ವರ್ಷ ಅಕ್ಕನಿಗೆ ಡೆಂಗಿ ಜ್ವರ ಬಂದು, ಎರಡು ಭಾನುವಾರ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಎರಡನೆಯದರ ಮಾರನೆಯ ಬೆಳಿಗ್ಗೆ ಅವರ ಅಣ್ಣ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ನನ್ ತಂಗಿ ಮನೆ ಯಾವ್ದವ್ವ? ಎರಡ್ ವಾರದಿಂದ ಬಂದಿಲ್ಲ."

ನಾನೇ ಕರೆದುಕೊಂಡು ಹೋದೆ. ಅಣ್ಣನನ್ನು ಕಂಡು ಅಕ್ಕ ಗಡಬಡಿಸಿ ಏಳಲು ನೋಡಿದರು. ಅವರು ಅಕ್ಕನ ಹೆಗಲ ಮೇಲೆ ಕೈಯಿಟ್ಟು, "ಏಳ್ಬ್ಯಾಡ, ಮನೀಕೊ" ಎಂದರು.

ಹನ್ನೊಂದು ವರ್ಷಗಳಲ್ಲಿ ಅಣ್ಣ ಅಕ್ಕನೊಡನೆ ಆಡಿದ ಮೊದಲ ಮಾತು ಅದು. ಅಕ್ಕ ಮತ್ತೆ ಮಲಗಿದರು.