ಕೆಂಪಯ್ಯ ಮತ್ತು ಗಾಳಿಯಲ್ಲಿ ನಿಲ್ಲುವ ನೊಣ

ಹುಣಸೂರು ಸೀಮೆಯಲ್ಲಿ ಕೆಂಪಯ್ಯನಷ್ಟು ಹುಳ ಆರಿಸಿದವರು ಇನ್ನೊಬ್ಬರಿಲ್ಲ. ನಲವತ್ತು ವರ್ಷ ಹೊಗೆಸೊಪ್ಪಿನ ಗಿಡಗಳಿಂದ ಆತ ಹಿಡಿದ ಹುಳಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ, ಸಾಲಿನ ತಲೆ ಮಡಿಕೇರಿಯಲ್ಲಿ ಟೀ ಕುಡಿಯುವಾಗ ಬಾಲ ಇನ್ನೂ ಮೈಸೂರಿನಲ್ಲಿ ಬಸ್ಸು ಕಾಯುತ್ತಿರುತ್ತಿತ್ತು. ಎಲೆಯ ಮೇಲೆ ಹುಳ ಕಂಡರೆ ಬೆರಳುಗಳು ಅವನನ್ನು ಕೇಳದೆಯೇ ಹೋಗಿ ಹಿಡಿಯುತ್ತಿದ್ದವು.

ಈ ಸಲ ಯುಗಾದಿಗೆ ಮಗಳು ಸೌಂದರ್ಯ ಬರುವವಳಿದ್ದಳು, ಐದು ತಿಂಗಳ ಬಸುರಿ. "ನಮ್ಮ ಹಿತ್ತಲ ಅಲಸಂದೆಕಾಯಿ ಬಸ್ಸಾರು ತಿನ್ನಬೇಕು ಕಣಪ್ಪ" ಎಂದು ಸಂಕ್ರಾಂತಿಯಲ್ಲಿ ಫೋನಿನಲ್ಲಿ ಅಂದಿದ್ದಳು. ಮಾರನೆಯ ಬೆಳಿಗ್ಗೆಯೇ ಕೆಂಪಯ್ಯ ಎರಡು ಸಾಲು ಬೀಜ ಊರಿದ.

ಹೂ ಬಿಡುವ ಹೊತ್ತಿಗೆ ಗಿಡದ ರಸ ಹೀರುವ ಕರಿ ಹೇನು ಹತ್ತಿತು. ಕುಡಿಗಳಿಗೆಲ್ಲ ಕಪ್ಪು ಚಲ್ಲಣ ತೊಡಿಸಿದ ಹಾಗೆ.

"ಔಷಧಿ ಹೊಡೀರಿ" ಎಂದಳು ಹೆಂಡತಿ ಚಿಕ್ಕಮ್ಮ.

"ಬಸುರಿ ಬಾಯಿಗೆ ವಿಷದ ಕಾಯಿ ಇಕ್ಕಕಾಯ್ತದಾ? ನಾನು ಆರಿಸ್ತೀನಿ ಬುಡು."

ಹೇನು ಆರಿಸಿ ಮುಗಿಯುವುದಲ್ಲ. ಆದರೆ ಅವುಗಳ ನಡುವೆ ಕಾಲಿಲ್ಲದ, ತಿಳಿ ಹಸಿರಿನ ದಪ್ಪ ಹುಳಗಳಿದ್ದವು. ಇವೇ ಕಳ್ಳರೆಂದು ದಿನಾ ಡಬ್ಬಿ ತುಂಬ ಹಿಡಿದು ಕೋಳಿಗೆ ಹಾಕಿದ. ಕೋಳಿಗಳು ಕುರಿಯಷ್ಟಾದವು, ಹೇನು ಎರಡರಷ್ಟಾಯಿತು.

ಒಂಬತ್ತನೆಯ ದಿನ ಅವನ ಕಣ್ಣೆದುರೇ ಒಂದು ಹುಳ ಹೇನೊಂದನ್ನು ಎತ್ತಿ ಹಿಡಿದು, ಎಳನೀರು ಕುಡಿದ ಹಾಗೆ ಹೀರಿ, ಸಿಪ್ಪೆ ಬಿಸಾಡಿತು. ಆಮೇಲೆ ಇನ್ನೊಂದು. ಕೆಂಪಯ್ಯ ಬಿಸಿಲೇರುವ ತನಕ ಕುಕ್ಕರಗಾಲಲ್ಲಿ ಕೂತು ನೋಡಿದ. ಆಮೇಲೆ ಡಬ್ಬಿಯ ಹುಳಗಳನ್ನು ಒಂದೊಂದಾಗಿ ಗಿಡಕ್ಕೇ ವಾಪಸ್ ಬಿಡತೊಡಗಿದ.

"ಬುದ್ಧಿ ನೆಟ್ಟಗದಾ ನಿಮಗೆ?"

"ಕಾವಲಿದ್ದವರನ್ನೇ ಕೋಳಿಗೆ ಹಾಕ್ತಿದ್ದೆ ಕಣೇ."

ಒಂದನ್ನು ಮಾತ್ರ ಕುಡಿ ಸಮೇತ ಬಾಟಲಿಗೆ ಬಿಟ್ಟು ಬಾಯಿಗೆ ಬಟ್ಟೆ ಕಟ್ಟಿದ. ಹುಳ ನೀರಹನಿಯಂಥ ಗೂಡಾಗಿ ಎಲೆಗೆ ಅಂಟಿಕೊಂಡಿತು. ವಾರದ ಮೇಲೆ ಅದರಿಂದ ಹಳದಿ ಕಪ್ಪು ಪಟ್ಟೆಯ ಜೀವವೊಂದು ಹೊರಬಂತು.

"ಜೇನು" ಎಂದು ಚಿಕ್ಕಮ್ಮ ಹಿಂದೆ ಸರಿದಳು.

"ರೆಕ್ಕೆ ಎಣಿಸು, ಎರಡೇ. ಜೇನಿಗೆ ನಾಕು. ಮೀಸೇನೂ ತುಂಡು. ನೊಣ ಕಣೇ ಇದು, ಜೇನಿನ ಅಂಗಿ ಹಾಕ್ಕಂಡದೆ. ಕಚ್ಚಾಕಿಲ್ಲ."

ಬಟ್ಟೆ ಬಿಚ್ಚಿದ. ಅದು ಹಾರಿ, ಗಾಳಿಗೆ ಮೊಳೆ ಹೊಡೆದು ನೇತುಹಾಕಿದ ಹಾಗೆ ಹೂವಿನ ಮುಂದೆ ಅಲುಗದೆ ನಿಂತಿತು. ಹಿತ್ತಲಲ್ಲಿ ಆಗಲೇ ಅಂಥವು ಹತ್ತಾರು ನಿಂತಿದ್ದವು. ಇಷ್ಟು ವರ್ಷ ಅವನ್ನು ಟವೆಲ್ಲು ಬೀಸಿ ಓಡಿಸಿದ್ದ ಕೆಂಪಯ್ಯ ಮೊದಲ ಸಲ ದಾರಿ ಬಿಟ್ಟು ನಡೆದ.

ಸೌಂದರ್ಯ ಬಂದ ದಿನ ಎರಡು ಸಾಲಿಗೂ ಸೇರಿ ಸಿಕ್ಕಿದ್ದು ಒಂದು ಬೊಗಸೆ ಕಾಯಿ. ಚಿಕ್ಕಮ್ಮ ಒಂದು ಮುದ್ದೆಗೆ ಸಾಲುವಷ್ಟೇ ಬಸ್ಸಾರು ಮಾಡಿದಳು.

"ನಿಮಗೆ?" ಎಂದಳು ಮಗಳು.

"ನಮ್ಮದಾಯ್ತು ಕಣವ್ವ, ಉಣ್ಣು" ಎಂದ ಕೆಂಪಯ್ಯ, ಖಾಲಿ ಹೊಟ್ಟೆಯಲ್ಲಿ.

ಅವಳು ತಟ್ಟೆ ಸವರಿ, ಬೆರಳು ನೆಕ್ಕಿ, "ಇನ್ನೊಸಿ ಇದ್ದದೇನವ್ವ?" ಎಂದಳು. ಚಿಕ್ಕಮ್ಮ ಗಂಡನ ಮುಖ ನೋಡಿದಳು.

"ಹೇನು ಕಮ್ಮಿಯಾಯ್ತಾ ಅದೆ. ಹೊಸ ಹೂ ಕಾಯಿ ಕಚ್ಚವೆ" ಎಂದ ಅವನು, ನೆಲ ನೋಡುತ್ತಾ. "ಎಂಟು ದಿನ ಇದ್ರೆ ಸಿಕ್ತದೆ."

ಮಾರನೆಯ ಬೆಳಿಗ್ಗೆಯ ಬಸ್ಸಿಗೆ ಹೊರಡಬೇಕಿದ್ದ ಸೌಂದರ್ಯ, ಎಡಗೈಯಲ್ಲಿ ಫೋನು ಎತ್ತಿಕೊಂಡು ಗಂಡನಿಗೆ ಹೇಳಿದಳು: "ಹದಿನೈದು ದಿನ ಬುಟ್ಟು ಬತ್ತೀನಿ ಕಣ್ರೀ."